ಎರಡು ಸೀಟಿನ ಅಜ್ಜಿ

ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಂದಾಗಿನಿಂದ ಕ್ವಾಂಗ್ ದೆಶುನನ ಜೀವ ಬಾಯಿಗೆ ಬಂದು ಕೂತಿತ್ತು. ಊರಿನಲ್ಲಿ ಹೆಂಡತಿ ಸೂಯುನ್‌ಗೆ ರಕ್ತ ಹೋಗುತ್ತಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಅವಳ ಅಕ್ಕ ಹೇಳಿದ್ದಳು. ಎಂಟು ತಿಂಗಳ ಬಸುರಿ. ಹಿಂದಿನ ಎರಡೂ ಐದನೇ ತಿಂಗಳಿಗೇ ಹೋಗಿಬಿಟ್ಟಿದ್ದವು. ಅವನು ದುಡಿಯುತ್ತಿದ್ದ ಫೋಶಾನ್ ನಗರದ ಟೈಲ್ಸ್ ಕಾರ್ಖಾನೆಯಿಂದ ಗ್ವೇಚೌ ಪ್ರಾಂತ್ಯದ ಬೆಟ್ಟಗಳ ನಡುವಿನ ಆ ಊರಿಗೆ ಹನ್ನೊಂದು ಗಂಟೆಯ ದಾರಿ.

ಹೆರಿಗೆಗೆ ಮೊದಲೇ ಊರು ಸೇರಬೇಕೆಂದು ಅವನು ಆ ದಿನ ಹೇಗೂ ಹೊರಡುವವನಿದ್ದ, ಕಾರಿನಲ್ಲಿ ಜಾಗವಿದೆ ಎಂದು ಹಿಂದಿನ ದಿನವೇ ಫೋನಿನ ಆ್ಯಪ್‌ನಲ್ಲಿ ಹಾಕಿದ್ದ. ರಾನ್ ಅಜ್ಜಿ ಎಂಬಾಕೆ ಹಿಂದಿನ ಎರಡು ಸೀಟು ಹಿಡಿದಿದ್ದಳು. ಇವನು ಐದು ಗಂಟೆಗೆ ಹೋಗಿ ನೋಡಿದರೆ ರಸ್ತೆಯ ಮೂಲೆಯಲ್ಲಿ ಒಬ್ಬಳೇ ನಿಂತಿದ್ದಳು. ಎಪ್ಪತ್ತು ದಾಟಿದ ಕುಳ್ಳು ದೇಹ, ಹೆಗಲಲ್ಲಿ ಚೀಲ, ಕಂಕುಳಲ್ಲಿ ಕಪ್ಪು ಕೊಡೆ, ತೋಳಲ್ಲಿ ಕೆಂಪು ಬಟ್ಟೆಯ ಗಂಟು. ಗಂಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಳು. ಏನೋ ಗಾಜಿನ ಸಾಮಾನಿರಬೇಕು ಎಂದುಕೊಂಡ ದೆಶುನ್.

ಅವನು ಹುಟ್ಟು ಪುಕ್ಕಲ. ಕಾರಿನ ಕನ್ನಡಿಗೆ ಮೂರು ತಾಯಿತ ಕಟ್ಟಿದ್ದ. ಗಾಡಿ ಓಡಿಸುವಾಗ 'ಮಗುಚು' ಎಂಬ ಮಾತು ಯಾರ ಬಾಯಲ್ಲೂ ಬರಬಾರದು, ತಟ್ಟೆಯ ಮೀನನ್ನು ಕೂಡ ಅವನು ಮಗುಚುತ್ತಿರಲಿಲ್ಲ. ಅಜ್ಜಿಯೋ, ಬಾಯಿ ತುಂಬ ಕಲ್ಲಂಗಡಿ ಬೀಜ ಸಿಡಿಸುತ್ತ, ಉಪ್ಪು ಮೆಣಸಿನಕಾಯಿಯ ಭರಣಿ ಬಿಚ್ಚಿ ಕಾರೆಲ್ಲ ಹುಳಿ ವಾಸನೆ ಎಬ್ಬಿಸುತ್ತ, ಇಂಥದೇ ತಿರುವಿನಲ್ಲಿ ತನ್ನ ಪಕ್ಕದ ಮನೆಯವನ ಗಾಡಿ ಹೇಗೆ ಮಗುಚಿಕೊಂಡಿತು ಎಂಬುದನ್ನು ಎರಡು ಸಲ ಹೇಳಿದಳು. ದೆಶುನ್ ಕಿಟಕಿಯಾಚೆ ಮೂರು ಸಲ ಉಗಿದ.

ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿತ್ತು. ಸೇತುವೆ ಬಂದಾಗೆಲ್ಲ ಅವಳು ಬೀಜ ತಿನ್ನುವುದನ್ನು ನಿಲ್ಲಿಸಿ, "ಸೇತುವೆ ಬಂತು, ಹುಷಾರಾಗಿ ದಾಟಿ" ಎನ್ನುತ್ತಿದ್ದಳು. ಸುರಂಗ ಬಂದರೆ, "ಸುರಂಗ, ಕತ್ತಲೆ ಇರತ್ತೆ, ಹೆದರಬೇಡಿ." ತನ್ನ ಪುಕ್ಕಲುತನ ಈ ಮುದುಕಿಗೂ ಕಂಡುಬಿಟ್ಟಿತೇ ಎಂದು ಅವನಿಗೆ ಉರಿಯಿತು. ಆದರೂ ಹಿರಿಯಳು, ಬಹುವಚನ ಬೇರೆ ಕೊಡುತ್ತಿದ್ದಾಳೆ, ಎದುರಾಡುವುದೇಕೆ? ಪ್ರತಿ ಸಲವೂ, "ಆಯ್ತು, ದಾಟ್ತೀನಿ" ಎಂದ. ಗ್ವೇಚೌ ಗಡಿ ಮುಟ್ಟುವಷ್ಟರಲ್ಲಿ ಎಪ್ಪತ್ತು ಸಲವಾದರೂ ಹಾಗೆ ಅಂದಿರಬೇಕು. ಅಂದಾಗಲೆಲ್ಲ ಅಜ್ಜಿ ಕನ್ನಡಿಯಲ್ಲಿ ಅವನನ್ನೇ ಒಂಥರಾ ನೋಡುತ್ತಿದ್ದಳು.

ಮಧ್ಯಾಹ್ನ ಹೆದ್ದಾರಿಯ ತಂಗುದಾಣದಲ್ಲಿ ಕಾರು ನಿಲ್ಲಿಸಿದಾಗ ಅವಳು, ನೆರಳಿಗೆ ಹಾಕು, ಇವರಿಗೆ ಬಿಸಿಲು ತಾಗಬಾರದು ಎಂದಳು. ಯಾರಿಗೆ ಎಂದು ಕೇಳಿದ. ಅವಳು ಗಂಟಿನ ಕಡೆ ಗಲ್ಲ ತೋರಿಸಿದಳು.

"ನಮ್ಮನೆಯವ್ರು. ಹೋದ ವಾರ ಹೋದ್ರು. ಬೂದಿ ಮಣ್ಣಿಗಿಡೋಕೆ ಊರಿಗೆ ಕರ್ಕೊಂಡು ಹೋಗ್ತಾ ಇದ್ದೀನಿ."

ದೆಶುನ್ ಎರಡು ಹೆಜ್ಜೆ ಹಿಂದೆ ಸರಿದ. ಸತ್ತವರನ್ನು ಊರಿಗೆ ಒಯ್ಯುವಾಗ ಪ್ರತಿ ಸೇತುವೆಗೂ ಸುರಂಗಕ್ಕೂ ಹೇಳಬೇಕು, ಹೇಳದಿದ್ದರೆ ಜೀವ ಅಲ್ಲೇ ಹೊಳೆಯ ಈಚೆ ದಡದಲ್ಲಿ ಉಳಿದುಬಿಡುತ್ತದೆ. ಇದು ಅವನಿಗೇನು ತಿಳಿಯದ್ದಲ್ಲ, ಅವನ ಅಜ್ಜನಿಗೂ ಹೀಗೇ ಹೇಳಿದ್ದರು. ರೈಲಿನಲ್ಲಿ ಹೋಗಬಾರದಿತ್ತೇ ಎಂದು ತೊದಲಿದ. ಮಗ ರೈಲಿನಲ್ಲೇ ಮೊದಲು ಹೋಗಿದ್ದಾನೆ, ಆದರೆ ಆ ರೈಲಿನ ವೇಗಕ್ಕೆ ಒಂದು ಸೇತುವೆ ಹೇಳಿ ಮುಗಿಸುವಷ್ಟರಲ್ಲಿ ಮೂರು ದಾಟಿರುತ್ತವೆ ಎಂದಳು ಅಜ್ಜಿ. ಮೊದಲೇ ಹೇಳಿದ್ದರೆ ಯಾವ ಕಾರಿನವನೂ ಹತ್ತಿಸಿಕೊಳ್ಳುತ್ತಿರಲಿಲ್ಲ ಎಂದೂ ಒಪ್ಪಿಕೊಂಡಳು.

"ದಾರಿಯುದ್ದಕ್ಕೂ ಅವ್ರ ಪರವಾಗಿ ನೀನೇ ಓಗೊಟ್ಟೆಯಲ್ಲಪ್ಪ. ಐವತ್ತು ವರ್ಷದಲ್ಲಿ ಅವ್ರು ಒಂದಿನವೂ ಅಷ್ಟು ನಯವಾಗಿ ಆಯ್ತು ಅಂದಿರ್ಲಿಲ್ಲ" ಎಂದು ನಕ್ಕು ಶೌಚಾಲಯದ ಕಡೆ ನಡೆದಳು.

ಅವಳಿಗೆ ನಗೆ, ಇವನಿಗೆ ಪ್ರಾಣಸಂಕಟ. ಸತ್ತವನನ್ನು ಕರೆದಾಗ ಬದುಕಿದವನು ಓಗೊಟ್ಟರೆ ಏನಾಗುತ್ತದೆ? ಎಪ್ಪತ್ತು ಸಲ ಓಗೊಟ್ಟರೆ? ಮಗು ಹುಟ್ಟುವ ಮನೆಗೆ ಸಾವನ್ನು ಕಾರಿನಲ್ಲಿ ಕೂರಿಸಿಕೊಂಡು, ಬೆಲ್ಟ್ ಕಟ್ಟಿ, ಮರ್ಯಾದೆಯಿಂದ ಕರೆದೊಯ್ಯುತ್ತಿದ್ದೇನಲ್ಲ! ಬೇರೆ ಗಾಡಿ ನೋಡಿಕೋ ಎಂದು ಅಜ್ಜಿಗೆ ಹೇಳಿಬಿಡಬೇಕು ಎಂದು ನಿಶ್ಚಯಿಸುತ್ತಿರುವಾಗಲೇ ಫೋನ್ ಹೊಡೆದುಕೊಂಡಿತು. ಹೆಂಡತಿಯ ಅಕ್ಕ. ರಕ್ತ ನಿಲ್ಲುತ್ತಿಲ್ಲವಂತೆ, ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋದರಂತೆ.

ಮುಂದಿನದು ಅವನಿಗೇ ಸರಿಯಾಗಿ ನೆನಪಿಲ್ಲ. ಕಾರು ಹತ್ತಿದ, ಹೊರಟ. ಅಜ್ಜಿಯನ್ನು ಮರೆತನೋ ಬಿಟ್ಟನೋ, ಎಷ್ಟು ಸಲ ಕೇಳಿಕೊಂಡರೂ ಅವನ ಮನಸ್ಸು ಉತ್ತರ ಕೊಟ್ಟಿಲ್ಲ. ನಾನಂತೂ ಎರಡೂ ಇತ್ತು ಎನ್ನುತ್ತೇನೆ.

ಮೊದಲ ಸೇತುವೆ ಬಂದಾಗ ಹಿಂದಿನಿಂದ ಯಾವ ದನಿಯೂ ಬರಲಿಲ್ಲ. ದೆಶುನ್ ಕನ್ನಡಿ ನೋಡಿದ. ಅಜ್ಜಿಯಿಲ್ಲ. ಕೆಂಪು ಗಂಟು ಬೆಲ್ಟ್ ಕಟ್ಟಿಕೊಂಡು ನೆಟ್ಟಗೆ ಕೂತಿದೆ.

ಅವನು ಚೀರಿದ್ದು ಅವನಿಗೇ ಕೇಳಿಸಿತು. ಹೆದ್ದಾರಿಯಲ್ಲಿ ಹಿಂದೆ ತಿರುಗುವ ಹಾಗಿಲ್ಲ, ಕೆಳಗಿಳಿಯುವ ದಾರಿ ಇನ್ನೂ ಇಪ್ಪತ್ತಾರು ಕಿಲೋಮೀಟರ್ ಆಚೆ. ನಿಲ್ಲಿಸಿ ಗಂಟನ್ನು ರಸ್ತೆ ಬದಿ ಇಟ್ಟುಬಿಡೋಣವೆಂದರೆ ಮುಟ್ಟುವ ಧೈರ್ಯವಿಲ್ಲ. ಅತ್ತ ದರಿ, ಇತ್ತ ಪುಲಿ. ಸೇತುವೆ ಅರ್ಧ ಮುಗಿದಿತ್ತು, ಕೆಳಗೆ ಎಲ್ಲೋ ಪಾತಾಳದಲ್ಲಿ ಹೊಳೆ. ಹೇಳದೆ ದಾಟಿದರೆ ಆ ಮುದುಕನ ಜೀವ ಇಲ್ಲೇ ನಿಲ್ಲುತ್ತದೆ. ನಿಂತ ಜೀವ ಯಾರ ಮೇಲೆ ಸಿಟ್ಟಾಗುತ್ತದೆ ಎಂದು ಹೇಳಲು ಜೋಯಿಸ ಬೇಕಿಲ್ಲ.

"ತಾತ," ಎಂದ. ಇನ್ನೊಮ್ಮೆ ಹೇಳಿದ. "ತಾತ, ಸೇತುವೆ. ದಾಟಿ. ನಾನು ನಿಮ್ಮವನಲ್ಲ, ಡ್ರೈವರ್ ಅಷ್ಟೇ, ತಪ್ಪು ತಿಳ್ಕೋಬೇಡಿ."

ಆಮೇಲೆ ಒಂದರ ಹಿಂದೆ ಒಂದು. ಸೇತುವೆ ಮುಗಿದರೆ ಸುರಂಗ, ಸುರಂಗದ ಬಾಯಿಯಲ್ಲೇ ಸೇತುವೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಲ್ಲದಕ್ಕೂ ಕೂಗಿದ, ಒಂದೆರಡಕ್ಕೆ ಭಯದಲ್ಲಿ ಎರಡೆರಡು ಸಲ ಕೂಗಿದ. ಕೊನೆಗೆ ನಾಲ್ಕು ಕಿಲೋಮೀಟರಿನ ಉದ್ದದ ಸುರಂಗ ಬಂತು. ಒಳಹೊಕ್ಕ ಕೂಡಲೇ ಫೋನಿನ ಸಿಗ್ನಲ್ ಸತ್ತಿತು. ಈಗ ಆಸ್ಪತ್ರೆಯಿಂದ ಕರೆ ಬಂದರೂ ತನಗೆ ತಿಳಿಯದು ಎನ್ನಿಸಿದ್ದೇ ತಡ, ಅವನ ಬಾಯಿಂದ ಬಂದದ್ದು ಬೇರೆಯೇ.

"ಸೂಯುನ್, ಸುರಂಗ ಬಂತು. ಕತ್ತಲೆ ಇದೆ. ಹೆದರಬೇಡ, ನಾನು ಮುಂದೆ ಇದ್ದೀನಿ, ನನ್ನ ಹಿಂದೇನೇ ಬಾ."

ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು. ಸತ್ತವರನ್ನು ಕರೆಯುವ ಮಾತಿನಿಂದ ಬದುಕಿರುವ ಹೆಂಡತಿಯನ್ನು ಕರೆದುಬಿಟ್ಟಿದ್ದ, ಅವಳು ಚಾಕುವಿನ ಕೆಳಗೆ ಮಲಗಿರುವ ಹೊತ್ತಿನಲ್ಲೇ. ಸುರಂಗ ಮುಗಿಯುವವರೆಗೂ ಅವನು ತನ್ನ ಬಾಯಿಗೆ ತಾನೇ ಹೊಡೆದುಕೊಂಡ.

ಕೆಳಗಿಳಿಯುವ ದಾರಿ ಬಂತು. ನೇರ ಹೋದರೆ ಇನ್ನು ಮೂರು ಗಂಟೆಯಲ್ಲಿ ಆಸ್ಪತ್ರೆ. ತಿರುಗಿಸಿದರೆ ತಂಗುದಾಣವನ್ನೂ ದಾಟಿ, ಹಿಂದಿನ ಊರಿನ ಹತ್ತಿರ ಮತ್ತೆ ತಿರುಗಿಸಿಕೊಂಡು ಬರಬೇಕು, ಅದರ ಮೇಲೆ ಇನ್ನೂ ಒಂದೂವರೆ ಗಂಟೆ. ದೆಶುನ್ ತಿರುಗಿಸಿದ. ಧರ್ಮಾತ್ಮನೆಂದು ಅವನನ್ನು ಹೊಗಳಿದರೆ ಸುಳ್ಳಾಗುತ್ತದೆ. ಭಯಕ್ಕೆ ತಿರುಗಿಸಿದ. ಆ ಗಂಟನ್ನು ಹೆರಿಗೆ ವಾರ್ಡಿನ ಬಾಗಿಲಿಗೆ ಒಯ್ಯಲಾರದೆ ತಿರುಗಿಸಿದ. ಹೋಗುವಾಗಲೂ ಬರುವಾಗಲೂ ತಾತನಿಗೆ ಎಲ್ಲ ಸೇತುವೆ ಹೇಳಿದ, ಗಂಟಲು ಒಡೆದುಹೋಯಿತು.

ರಾನ್ ಅಜ್ಜಿ ಅವನು ಕಾರು ನಿಲ್ಲಿಸಿದ್ದ ಜಾಗದಲ್ಲೇ ನಿಂತಿದ್ದಳು. ಅವಳ ಫೋನ್, ಚೀಲ, ಗಂಡ ಎಲ್ಲವೂ ಕಾರಿನಲ್ಲಿದ್ದವು. ಬೆಳಗಿನ ಬಾಯಿಬಡುಕಿಯ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಬೈಯಲಿಲ್ಲ. ಹಿಂದಿನ ಬಾಗಿಲು ತೆಗೆದು ಗಂಟಿನ ಮೇಲೆ ಕೈಯಿಟ್ಟು, "ಅವ್ರಿಗೆ ಹೇಳ್ದೆಯಾ?" ಎಂದು ಕೇಳಿದಳು.

ದೆಶುನ್ ಎಲ್ಲವನ್ನೂ ಹೇಳಿಕೊಂಡ. ಆಸ್ಪತ್ರೆ, ಆಪರೇಷನ್, ಬಿಟ್ಟು ಹೋದದ್ದು, ತಾತ ಎಂದು ಕೂಗಿದ್ದು. ಉದ್ದದ ಸುರಂಗದ ಮಾತು ಬಂದಾಗ ನಿಂತಲ್ಲೇ ಅಳತೊಡಗಿದ. "ಅಲ್ಲಿ ನನ್ನ ಹೆಂಡ್ತಿ ಹೆಸರು ಕರೆದುಬಿಟ್ಟೆ, ಅಜ್ಜಿ. ನಾನೇ ಕರೆದುಬಿಟ್ಟೆ."

ಅಜ್ಜಿ ಗಂಟಿನ ಬೆಲ್ಟನ್ನು ಸರಿಮಾಡಿದಳು.

"ನಮ್ಮನೆಯವ್ರಿಗೆ ಹದಿನಾಲ್ಕು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ ಕಣಪ್ಪ" ಎಂದಳು. "ಬದುಕಿದ್ದಾಗ ಕೇಳದೋರು ಈಗ ಕೇಳ್ತಾರಾ? ಹೆದರ್ತಾ ಇದ್ದೋಳು ನಾನು. ಒಬ್ಳೇ ಯಾವತ್ತೂ ಇಷ್ಟು ದೂರ ಬಂದಿಲ್ಲ. ಭಯ ಆದಾಗ ಬಾಯಿಗೆ ನಮ್ಮೋರ ಹೆಸರೇ ಬರೋದು. ನಿನ್ಗೂ ಅದೇ ಬಂದಿದ್ದು, ಬೇರೇನಿಲ್ಲ."

ಫೋನ್ ಹೊಡೆದುಕೊಂಡಿತು. ದೆಶುನ್ ಅದನ್ನು ನೋಡಿದನೇ ಹೊರತು ಎತ್ತಲಿಲ್ಲ, ಎತ್ತಲು ಆಗಲಿಲ್ಲ. ಅಜ್ಜಿ ಅವನ ಕೈಯಿಂದ ಕಿತ್ತುಕೊಂಡು ಕಿವಿಗೆ ಹಿಡಿದಳು. ಹೂಂ, ಹೂಂ ಎಂದಳು. ಆಮೇಲೆ, "ಇಬ್ರೂ ಇದ್ದಾರೆ. ಹೆಣ್ಣು. ತಗೋ, ಮಾತಾಡು" ಎಂದಳು.

ಅವನು ಕಾರಿನ ಪಕ್ಕ ನೆಲದ ಮೇಲೆಯೇ ಕೂತ. ಸೂಯುನ್‌ಳ ದನಿ ಬಹಳ ದೂರದಿಂದ, ನಿದ್ದೆಯಿಂದ ಎಂಬಂತೆ ಬಂತು. ನಂಗೆ ತುಂಬ ಭಯ ಆಯ್ತು, ನಾಲ್ಕು ಗಂಟೆಗೆಲ್ಲ ಇಲ್ಲಿರ್ತೀನಿ ಅಂದಿದ್ದೆಯಲ್ಲ, ಎಲ್ಲಿಗೆ ಬಂದೆ ಎಂದಳು. ಬೇಡ, ಹೇಳಬೇಡ ಎಂದು ಅಜ್ಜಿ ಜೋರಾಗಿ ಕೈಯಾಡಿಸುತ್ತಿದ್ದಳು. ಗಾಡಿ ಕೆಟ್ಟಿತ್ತು ಎಂದುಬಿಡುವುದು ಸುಲಭವಿತ್ತು. ಬಾಣಂತಿಯ ಕಿವಿಗೆ ಬೂದಿಯ ಮಾತು ಹಾಕುವವನು ಮನುಷ್ಯನೇ ಅಲ್ಲ ಎಂದು ಅವನ ತಾಯಿ ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಬೆಳಗಿನಿಂದ ಹೆದರಿ ಹೆದರಿ ಅವನಲ್ಲಿ ಸುಳ್ಳಿಗೆ ಬೇಕಾದ ಧೈರ್ಯವೂ ಉಳಿದಿರಲಿಲ್ಲ. ಗಂಟು, ಸೇತುವೆ, ಅಜ್ಜಿಯನ್ನು ತಂಗುದಾಣದಲ್ಲಿ ಬಿಟ್ಟು ಹೋದದ್ದು, ತಿರುಗಿಸಿದ್ದು, ಎಲ್ಲ ಹೇಳಿಬಿಟ್ಟ.

ಆ ಕಡೆ ಮಗು ಅಳುವುದು ಕೇಳಿಸಿತು. ಅವನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ.

"ಮಧ್ಯಾಹ್ನದಿಂದ ಅಲ್ಲೇ ನಿಂತಿದ್ರಾ?" ಎಂದಳು ಸೂಯುನ್. "ಆ ಅಜ್ಜಿ ಏನಾದ್ರೂ ತಿಂದ್ರಾ?"