ಹನುಮಕ್ಕ ಕೇಳಿದ ಪದ್ಯ

"ಸನ್ಮಾನ್ಯರೇ" ಎಂದು ಬರೆದು, ಅದರ ಕೆಳಗೊಂದು ಗೆರೆ ಎಳೆದು, ಯೋಗನರಸಿಂಹ ಪಂಡಿತರು ಪೆನ್ನು ಕೆಳಗಿಟ್ಟರು. ಹೆಡ್‌ಮಾಸ್ಟರು ಲಕ್ಷ್ಮೀನರಸಿಂಹಯ್ಯ ಸ್ಟಾಫ್ ರೂಮಿನ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದರು. ಬಿನ್ನವತ್ತಳೆ ಇವತ್ತೇ ತುಮಕೂರಿನ ಪ್ರೆಸ್ಸಿಗೆ ಹೋದರೆ ಶನಿವಾರದ ಹೊತ್ತಿಗೆ ಗಾಜು, ಚೌಕಟ್ಟು ಹಾಕಿಸಿ ತರಬಹುದಿತ್ತು. ಶನಿವಾರ ಡ್ರಿಲ್ ಮೇಷ್ಟ್ರು ಅಡವಿಯಪ್ಪನವರ ನಿವೃತ್ತಿ ಸಮಾರಂಭ.

"ಏನ್ ಪಂಡಿತ್ರೇ, ನಿಮಗೆ ಇದೇನ್ ದೊಡ್ಡದು? ಹಿಂದೆ ಒಂದ್ ಬೆಲ್ಲಿಂದ ಇನ್ನೊಂದ್ ಬೆಲ್ ಹೊಡೆಯೋದ್ರೊಳಗೆ ಎಂಟು ಪದ್ಯ ಕಟ್ತಿದ್ರಿ."

"ಆಗ್ತಿಲ್ಲ ಸಾರ್. ಬೇರೆ ಯಾರ ಕೈಲಾದ್ರೂ ಬರೆಸಿ."

ಹೆಡ್‌ಮಾಸ್ಟರಿಗೆ ಅದು ಕೊಬ್ಬಿನ ಮಾತಿನಂತೆ ಕೇಳಿಸಿತು. ಅವರು ಆ ವರ್ಷ ಬಂದಿದ್ದ ಅಂಜನಮೂರ್ತಿ ಎಂಬ ಹೊಸ ಮೇಷ್ಟ್ರನ್ನು ಕರೆದರು. ಅಂಜನಮೂರ್ತಿ ಕೂತವನೇ "ಶಿಸ್ತಿನ ಸಿಪಾಯಿಗಳೇ, ಅಜಾತಶತ್ರುಗಳೇ" ಎಂದು ಸರಸರ ಬರೆಯತೊಡಗಿದ. ಪಂಡಿತರು ಹಸಿದವನು ಪಕ್ಕದವನ ಎಲೆ ನೋಡುವಂತೆ ಆ ಪೆನ್ನಿನ ಓಟವನ್ನೇ ನೋಡುತ್ತ ಕೂತರು.

ಒಂದು ಕಾಲದಲ್ಲಿ ಗುಬ್ಬಿಯಲ್ಲಿ ಅವರ ಪದ್ಯವಿಲ್ಲದೆ ಯಾವ ಕಾರ್ಯವೂ ನಡೆಯುತ್ತಿರಲಿಲ್ಲ. ಮದುವೆಗೆ ಗುಲಾಬಿ ಕಾಗದದಲ್ಲಿ ಶುಭಾಶಯದ ಪದ್ಯ, ವರ್ಗವಾದವರಿಗೆ ಬೀಳ್ಕೊಡುಗೆಯ ಪದ್ಯ, ಸತ್ತವರಿಗೆ ಕಣ್ಣೀರಿನ ಪದ್ಯ. ಪಂಡಿತರ ಭಾಮಿನಿ ಷಟ್ಪದಿ ಕೇಳದೆ ಗಂಡು ತಾಳಿ ಕಟ್ಟುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಆಗ ಅಡವಿಯಪ್ಪನವರ ಮನೆಗೂ ಇವರ ಮನೆಗೂ ನಡುವೆ ಒಂದೇ ಹಿತ್ತಿಲ ಗೋಡೆ. ಕುಣಿಗಲ್ ಕಡೆಯ ಒಕ್ಕಲು ಮನೆತನದಿಂದ ಬಂದ ಡ್ರಿಲ್ ಮೇಷ್ಟ್ರಿಗೂ ವ್ಯಾಕರಣ ತಿದ್ದುವ ಪಂಡಿತರಿಗೂ ಅದೇನು ಸ್ನೇಹವೋ, ಸಂಜೆಯಾದರೆ ಇಬ್ಬರೂ ಜೊತೆಯಾಗಿ ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದರು.

ಎಪ್ಪತ್ನಾಲ್ಕರಲ್ಲಿ ಅಡವಿಯಪ್ಪನವರ ಒಬ್ಬಳೇ ಮಗಳು, ಒಂಬತ್ತನೇ ಕ್ಲಾಸಿನ ಗಂಗಲಕ್ಷ್ಮಿ, ಕಾಮಾಲೆಯಾಗಿ ಹೋಗಿಬಿಟ್ಟಳು. ಶಾಲೆಯ ಸಂತಾಪ ಸಭೆಯಲ್ಲಿ ಪಂಡಿತರು ಎಂಟು ಪದ್ಯ ಓದಿದರು. ಬಾಡಿದ ಮೊಗ್ಗು, ಮುರಿದ ವೀಣೆ, ಆರಿದ ಹಣತೆ ಎಲ್ಲ ಬಂದವು. ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಸಭೆ ಮುಗಿದ ಮೇಲೆ ಅಡವಿಯಪ್ಪ ಹತ್ತಿರ ಬಂದು ಮೆತ್ತಗೆ ಕೇಳಿದರು.

"ಸ್ವಾಮಿ, ಇದು ಹೋದ್ ವರ್ಷ ರೈಸ್ ಮಿಲ್ಲಿನೋರ ಮಗೀಗೆ ಓದಿದ್ದಲ್ವಾ?"

ಪಂಡಿತರು ಓದಿದ್ದು ಅದನ್ನೇ. ರೈಸ್ ಮಿಲ್ಲಿನವರ ಹುಡುಗಿಯ ಹೆಸರು ವಿಮಲ. ಆ ಜಾಗದಲ್ಲಿ ಮೂರೇ ಮಾತ್ರೆ ಹಿಡಿಸುತ್ತಿದ್ದುದರಿಂದ ಗಂಗಲಕ್ಷ್ಮಿಯನ್ನು "ಗಂಗೆ" ಎಂದು ಕತ್ತರಿಸಿ ಕೂರಿಸಿದ್ದರು. ಆ ಮಗುವನ್ನು ಗಂಗೆ ಎಂದು ಯಾರೂ ಎಂದೂ ಕರೆದಿರಲಿಲ್ಲ.

"ಚೆನ್ನಾಗೇ ಇತ್ತು ಬುಡಿ. ಸತ್ತೋರ್ಗೆಲ್ಲ ಒಂದೇ," ಎಂದು ಅಡವಿಯಪ್ಪ ಹೊರಟುಹೋದರು. ಆಮೇಲೆ ಅವರು ಜಗಳವಾಡಲಿಲ್ಲ. ಆದರೆ ಕೆರೆ ಏರಿಗೂ ಬರಲಿಲ್ಲ. ಇಬ್ಬರ ನಡುವೆ ಉಳಿದದ್ದು ಟೈಮ್ ಟೇಬಲ್ಲಿನ ಮಾತು ಮಾತ್ರ.

ತಿಂಗಳ ಮೇಲೆ ಅವರ ಹೆಂಡತಿ ಹನುಮಕ್ಕ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಓದು ಬರಹ ಬಾರದ ಹೆಂಗಸು. ಸೆರಗು ಬಾಯಿಗೆ ಹಿಡಿದು, "ಅಯ್ನೋರೇ, ನಮ್ಮ ಮಗೀಗೆ ಬ್ಯಾರೆ ಒಂದು ಪದ್ಯ ಬರ್ಕೊಡಿ. ಅವಳು ಇರೋ ಅಂತದ್ದು. ಯಾರ ಕೈಲಾದ್ರೂ ಓದಿಸ್ಕೊಂಡು ಕೇಳ್ತೀನಿ" ಎಂದಳು. ಪಂಡಿತರು ಆಗಲಿ ಅಂದರು. ಅಂದೇ ಕೂತರು. ಒಂದು ಸಾಲು ಬರೆದರೆ ಅದು ಯಾವುದೋ ಹಳೆಯ ಪದ್ಯದ್ದು ಎನ್ನಿಸುತ್ತಿತ್ತು. ಹೊಡೆದುಹಾಕಿ ಇನ್ನೊಂದು ಬರೆದರೆ ಅದೂ ಹಾಗೆಯೇ. ಸಂತೆಯಲ್ಲಿ ಸಿಕ್ಕಾಗ ಹನುಮಕ್ಕ "ಆಯ್ತಾ ಅಯ್ನೋರೇ?" ಎಂದಳು. ಮತ್ತೊಮ್ಮೆ ದೇವಸ್ಥಾನದ ಹತ್ತಿರ ಕೇಳಿದಳು. ಆಮೇಲೆ ಅಡವಿಯಪ್ಪ ಸ್ಟೇಷನ್ ಕಡೆ ಮನೆ ಬದಲಾಯಿಸಿದರು. ಪಂಡಿತರು ಆ ಬೀದಿಗೇ ಹೋಗುವುದನ್ನು ಬಿಟ್ಟರು. ಮದುವೆಯ ಪದ್ಯಕ್ಕೆ ಬಂದವರನ್ನೂ ಕಣ್ಣಿನ ನೆವ ಹೇಳಿ ವಾಪಸು ಕಳಿಸತೊಡಗಿದರು. ಹೀಗೆ ಒಂಬತ್ತು ವರ್ಷ ಕಳೆದುಹೋಗಿತ್ತು.

ಶನಿವಾರ ಸಮಾರಂಭ ನಡೆಯಿತು. ಶಾಲು, ಹಾರ, ಗಾಜಿನೊಳಗಿನ ಅಜಾತಶತ್ರು. ಉತ್ತರ ಕೊಡಲು ಎದ್ದ ಅಡವಿಯಪ್ಪ, "ನಂಗೆ ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್ ಬುಟ್ರೆ ಬ್ಯಾರೆ ಮಾತು ಬರಾಕಿಲ್ಲ, ತಪ್ಪು ತಿಳೀಬೇಡಿ" ಎಂದು ಕೈಮುಗಿದು ಕೂತುಬಿಟ್ಟರು.

ಮಾರನೆಯ ವಾರ ಅವರು ಸಾಮಾನು ಕಟ್ಟಿಕೊಂಡು ಕುಣಿಗಲ್ಲಿಗೆ ಹೊರಟರು. ಕಳಿಸಿಕೊಡದಿದ್ದರೆ ಮನುಷ್ಯತ್ವವಲ್ಲ ಎಂದು ಪಂಡಿತರು ಹೆಂಡತಿ ಅಂಬುಜಮ್ಮನ ಜೊತೆ ಹೋದರು. ಲಾರಿಯಲ್ಲಿ ಡ್ರೈವರ್ ಪಕ್ಕ ಕೂತಿದ್ದ ಹನುಮಕ್ಕನಿಗೆ, "ಚೆನ್ನಾಗಿದೀರೇನಮ್ಮ?" ಎಂದು ಕೇಳಿದರು. ಆಕೆ ಒಮ್ಮೆ ಅವರ ಮುಖ ನೋಡಿ, ಉತ್ತರ ಕೊಡದೆ ರಸ್ತೆಯ ಕಡೆ ತಿರುಗಿಕೊಂಡಳು.

ಮನೆಗೆ ಬಂದ ಪಂಡಿತರಿಗೆ ಊಟ ಸೇರಲಿಲ್ಲ.

"ನೋಡಿದ್ಯಾ? ಮಾತಾಡ್ಸಿದ್ರೆ ಮುಖ ತಿರುಗಿಸ್ಕೊಂಡ್ರು."

ಅಂಬುಜಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಆ ಮಗು ಇಲ್ಲೇ ಕೂತು ಹಸಿ ಅಕ್ಕಿ ಬಾಯಿಗೆ ಹಾಕ್ಕೊಳ್ತಿತ್ತು. ಹೊಟ್ಟೆ ನೋವು ಬರತ್ತೆ ಕಣೇ ಅಂದ್ರೆ ಇನ್ನೊಂದು ಹಿಡಿ. ನಗು ಬಂದ್ರಂತೂ ಆ ಕಂಬ ಹಿಡ್ಕೊಂಡೇ ನಗಬೇಕು, ಇಲ್ದಿದ್ರೆ ಬಿದ್ದೇ ಹೋಗ್ತಿದ್ಲು."

"ಹಸಿ ಅಕ್ಕಿ ತಿಂದಿದ್ದನ್ನ ಷಟ್ಪದೀಲಿ ಹೇಗೇ ಬರೆಯೋದು?"

"ಷಟ್ಪದಿ ಅಂದ್ರೇನು ಅಂತ ಆಯಮ್ಮಂಗೆ ಗೊತ್ತೇನ್ರೀ? ನನ್ನ ಮಗು ಹೀಗಿತ್ತು ಅಂತ ಯಾರಾದ್ರೂ ಹೇಳ್ಲಿ ಅಂತ ಕೇಳಿದ್ಲು. ನೀವು ಮಾತ್ರೆ ಎಣಿಸ್ತಾ ಕೂತ್ರಿ."

ಪಂಡಿತರು ಎದ್ದು ಪಡಸಾಲೆಗೆ ಹೋಗಿ ಒಂದು ಹಾಳೆ ತೆಗೆದುಕೊಂಡರು. "ಗಂಗಲಕ್ಷ್ಮಿ ಹಸಿ ಅಕ್ಕಿ ತಿನ್ನುತ್ತಿದ್ದಳು" ಎಂದು ಬರೆದು ನೋಡಿದರು. ಅದು ಬೇರೆ ಯಾರ ಸಾಲೂ ಆಗಿರಲಿಲ್ಲ. ಹೊಡೆದುಹಾಕಲು ಕೈ ಬರಲಿಲ್ಲ. ಅದರ ಕೆಳಗೆ ಕಂಬ ಹಿಡಿದು ನಗುವುದನ್ನು ಬರೆದರು. ನೆನಪು ಒಂದನ್ನೊಂದು ಎಳೆದುಕೊಂಡು ಬಂತು. ನಡುವೆ ಒಳಗೆ ಕೂಗಿ ಕೇಳಿದರು: "ಅವಳ ರಿಬ್ಬನ್ನು ಯಾವ ಬಣ್ಣ?" "ಒಂದು ಕೆಂಪು, ಒಂದು ನೀಲಿ. ಜೊತೇದು ಯಾವಾಗ್ಲೂ ಕಳ್ಕೊಳ್ಳೋಳು." ಅದನ್ನೂ ಬರೆದರು. ಸಂಜೆ ಕಾಫಿ ತಂದ ಅಂಬುಜಮ್ಮ ಗಂಡ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದನ್ನು ಕಂಡು, ಲೋಟ ಪಕ್ಕದಲ್ಲಿಟ್ಟು ಸದ್ದಿಲ್ಲದೆ ಒಳಗೆ ಹೋದರು. ಇಷ್ಟು ಸುಲಭವಾಗಿತ್ತಲ್ಲ ಎಂಬುದೇ ಪಂಡಿತರ ಎದೆಗೆ ಬಡಿಯುತ್ತಿತ್ತು.

ಭಾನುವಾರ ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್ಲಿಗೆ ಹೋದರು. ಪೇಟೆ ದಾಟಿ ವಿಚಾರಿಸಿಕೊಂಡು ಮನೆ ಹುಡುಕಿದರು. ಬನೀನಿನಲ್ಲಿದ್ದ ಅಡವಿಯಪ್ಪ ಗಾಬರಿಯಿಂದ ಅಂಗಿ ಹಾಕಿಕೊಂಡು ಬಂದು ಚಾಪೆ ಹಾಸಿದರು. ಹನುಮಕ್ಕ ಒಳಬಾಗಿಲ ಹತ್ತಿರ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಅಮ್ಮ, ನೀವು ಕೇಳಿದ್ದು ತಂದಿದೀನಿ," ಎಂದರು ಪಂಡಿತರು. ಹನುಮಕ್ಕ ತಲೆ ಎತ್ತಲಿಲ್ಲ.

"ಅವಳ್ಗೆ ಕೇಳ್ಸಾಕಿಲ್ಲ ಸ್ವಾಮಿ," ಎಂದರು ಅಡವಿಯಪ್ಪ. "ಎಲ್ಡು ವರ್ಷ ಆಯ್ತು, ಎಲ್ಡೂ ಕಿವಿ ಹೋಗಿ. ಕಿವಿ ಹತ್ರ ಕೂಗ್ಬೇಕು. ನಿಮ್ಗೆ ಗೊತ್ತಿರ್ಲಿಲ್ವಾ?"

ಪಂಡಿತರಿಗೆ ಗೊತ್ತಿರಲಿಲ್ಲ. ಹಾಳೆಗಳನ್ನು ಅಡವಿಯಪ್ಪನವರ ಕಡೆ ಚಾಚಿದರು.

"ಏನದು?" ಎಂದು ಕೇಳಿ ಕಾಗದದ ಮೊದಲ ಸಾಲಿನ ಮೇಲೆ ಕಣ್ಣಾಡಿಸಿದ ಅಡವಿಯಪ್ಪ ಹೆಂಡತಿಯ ಪಕ್ಕ ಹೋಗಿ ಮಂಡಿಯೂರಿ ಕೂತು, "ಓದಿ ಸ್ವಾಮಿ, ನಾನು ಯೋಳ್ತೀನಿ" ಎಂದರು.

ಪಂಡಿತರು ಒಂದು ಸಾಲು ಓದುವುದು, ಅಡವಿಯಪ್ಪ ಅದನ್ನು ತಮ್ಮ ಮಾತಿಗೆ ತಿರುಗಿಸಿ ಮೈದಾನದ ಆಚೆ ತುದಿಗೆ ಕೇಳುವ ಆ ಹಳೆಯ ಗಂಟಲಿನಲ್ಲಿ ಹೆಂಡತಿಯ ಕಿವಿಗೆ ಕೂಗುವುದು. "ನಮ್ ಗಂಗಲಕ್ಷ್ಮಿ ಹಸಿ ಅಕ್ಕಿ ತಿಂತಿದ್ಲಂತೆ ಕಣೇ!" "ಕಂಬ ಹಿಡ್ಕಂಡು ನಗ್ತಿದ್ಲಂತೆ!" ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿದರು. ಹನುಮಕ್ಕನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೆಯೇ ನಿಂತಿತ್ತು.

"ಅಪ್ಪನ ಡ್ರಿಲ್ಲಿನಲ್ಲಿ ಎಡಗಾಲು ಬಲಗಾಲು ತಪ್ಪುತ್ತಿದ್ದವಳು ಅವಳೊಬ್ಬಳೇ," ಎಂದು ಪಂಡಿತರು ಓದಿದರು. "ಅಪ್ಪ ಸಾಲಿನಿಂದ ಹೊರಗೆ ಕಳಿಸಿದರೆ ಬೇವಿನ ಮರದ ಕೆಳಗೆ ಕೂತು, ಸಾಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದಳು."

ಅಡವಿಯಪ್ಪ ಅದನ್ನೂ ಕೂಗಿ ಹೇಳಿದರು, ನಡುವೆ ಒಮ್ಮೆ ಕೆಮ್ಮಿ.

ಓದು ಮುಗಿಯಿತು. ಹನುಮಕ್ಕ ಪಂಡಿತರ ಕಡೆ ತಿರುಗಿದಳು. ಕಿವುಡರ ಮಾತಿನಂತೆ ಅವಳ ಮಾತೂ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು.

"ನಮ್ ಮಗೀನೇ ಸ್ವಾಮಿ. ಆಗ್ಲೇ ತಂದಿದ್ರೆ ಚೆನ್ನಾಗಿ ಅತ್ ಬುಡ್ತಿದ್ದೆ. ಈಗ ಕಣ್ಣಾಗೆ ನೀರೇ ಬರಾಕಿಲ್ಲ."

ಪಂಡಿತರು ತಲೆ ತಗ್ಗಿಸಿ ಹಾಳೆಗಳನ್ನು ಮಡಚಿದರು, ಮತ್ತೆ ಬಿಡಿಸಿದರು.

ಹನುಮಕ್ಕ ಗಂಡನ ತೋಳು ಹಿಡಿದು ಎಳೆದಳು. "ಆ ಡ್ರಿಲ್ಲಿಂದು ಇನ್ನೊಂದ್ ಕಿತ ಯೋಳು."

ಈ ಸಲ ಅಡವಿಯಪ್ಪ ಕೂಗದೆ ಅವಳ ಕಿವಿಯ ಹತ್ತಿರ ಬಗ್ಗಿದರು. ಅವರ ತುಟಿಗಳು ಅಲುಗುವುದು ಪಂಡಿತರಿಗೆ ಕಾಣುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಹನುಮಕ್ಕ ಕಣ್ಣು ಮುಚ್ಚಿಕೊಂಡು, ಆಗಲೇ ಬಾಯಿಪಾಠವಾದವಳಂತೆ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು.