ಟಕ್ ಅಂದ ಮೇಲೆ ಸಾಕು ಅನ್ನಿ

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಚಿಕ್ಕ ಹೋಟೆಲು ನಡೆಸುವ ಜಯಶೀಲ ಶೆಟ್ಟರಿಗೆ ಎಲ್ಲವೂ ತುಂಬಿರಬೇಕು. ಗಿರಾಕಿಯ ಬಟ್ಟಲಲ್ಲಿ ಸಾಂಬಾರು, ಮನೆಯ ಡಬ್ಬಿಯಲ್ಲಿ ಕುಚ್ಚಲಕ್ಕಿ, ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು. ಪಂಪಿನ ನಳಿಕೆ ‘ಟಕ್’ ಎಂದು ತಾನಾಗಿ ನಿಂತರೂ ಇವರು ಬಿಡುವವರಲ್ಲ. ಕಾರಿನ ಹಿಂಭಾಗವನ್ನು ಎರಡೂ ಕೈಯಿಂದ ಅಲುಗಾಡಿಸಿ, “ಹವಾ ನಿಕಲ್ ಗಯಾ, ಔರ್ ಥೋಡಾ ಡಾಲೋ” ಎಂದು, ಗಾಳಿ ಹೋದ ಜಾಗಕ್ಕೆ ಇನ್ನಷ್ಟು ಹಾಕಿಸುವರು. ಪೆಟ್ರೋಲು ಟ್ಯಾಂಕಿನ ಬಾಯಿಗೆ ಬಂದು ಕಾಣಿಸಿದರೇ ಅವರಿಗೆ ಸಮಾಧಾನ.

ಅದು 2012ರ ಬೇಸಿಗೆ. ಮಗಳು ನಿಕಿತಾ ಟಿಟ್ವಾಳಾದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಡಾಕ್ಟರು ಇದ್ದದ್ದು ದೂರದ ಠಾಣೆ ಪಟ್ಟಣದಲ್ಲಿ. ಯಾವ ಹೊತ್ತಿಗೆ ನೋವು ಬಂದರೂ ಹೊರಡಲು ತಯಾರಿರಬೇಕೆಂದು ಶೆಟ್ಟರು ಪೆಟ್ರೋಲಿನ ಮುಳ್ಳು ಸ್ವಲ್ಪ ಇಳಿದರೂ ಟ್ಯಾಂಕು ತುಂಬಿಸತೊಡಗಿದರು. ಕಾರಿಗೆ ಚಳಿಜ್ವರ ಹಿಡಿದದ್ದೇ ಆಗ.

ತುಂಬಿಸಿದ ಮೇಲೆ ಸ್ಟಾರ್ಟ್ ಮಾಡಿದರೆ ಬೇಗ ಆಗುವುದಿಲ್ಲ. ಸ್ಟಾರ್ಟ್ ಆದರೂ ನಿಂತಲ್ಲೇ ಗಡಗಡ ನಡುಕ. ಓಡುವಾಗ ಪರವಾಗಿಲ್ಲ, ಸಿಗ್ನಲಿನಲ್ಲಿ ನಿಂತರೆ ಎಂಜಿನು ಆರಿಹೋಗುವುದು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಮ್ಮೆ ಠಾಣೆಗೆ ಹೋಗುವಾಗ ಹೀಗೆ ಆದಾಗ ನಿಕಿತಾ ಹಿಂದಿನ ಸೀಟಿನಲ್ಲಿದ್ದಳು. ಲಾರಿಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತದ್ದನ್ನು ಕನ್ನಡಿಯಲ್ಲಿ ಕಂಡು ಶೆಟ್ಟರ ಜೀವ ಬಾಯಿಗೆ ಬಂತು.

“ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸ್ತಾರೆ ಮಾರಾಯ್ತಿ” ಎಂದು ಹೆಂಡತಿ ರತ್ನಾವತಿಯ ಎದುರು ಕೂಗಾಡಿದರು. ಪಂಪಿನವರ ಜೊತೆ ಜಗಳವಾಡಿ ಪಂಪು ಬದಲಿಸಿದರು. ಕಲ್ಯಾಣದ ಪಂಪಿನಲ್ಲಿ ತುಂಬಿಸಿದರೂ ಅದೇ ನಡುಕ. ಅಲ್ಲಿಯವರ ಜೊತೆಯೂ ಜಗಳವಾಯಿತು.

“ಈ ಕಾರಿನಲ್ಲಿ ಮಗಳನ್ನು ಕರ್ಕೊಂಡು ಹೋಗ್ಲಿಕ್ಕೆ ನಂಗೆ ಧೈರ್ಯ ಇಲ್ಲ. ನಡುದಾರಿಯಲ್ಲಿ ನಿಂತ್ರೆ ಎಂತ ಮಾಡುದು?” ಎಂದರು ರತ್ನಾವತಿ.

ಪಕ್ಕದ ಫ್ಲಾಟಿನ ಸುಬ್ಬಲಕ್ಷ್ಮಿ ಮೈಸೂರಿನವರು. ನವಿ ಮುಂಬಯಿಯ ಪಾಲಿಟೆಕ್ನಿಕ್ಕಿನಲ್ಲಿ ವಾಹನಗಳ ಎಂಜಿನ್ ಬಗ್ಗೆಯೇ ಪಾಠ ಹೇಳುವವರು. ರತ್ನಾವತಿ ಅವರನ್ನೇ ಕರೆದು ಕೂರಿಸಿ ಚಹಾ ಕೊಟ್ಟರು.

“ಶೆಟ್ರೇ, ಯಾವಾಗ ನಡುಗತ್ತೆ, ಸರಿಯಾಗಿ ಹೇಳಿ.”

“ಪೆಟ್ರೋಲ್ ಹಾಕಿದ ಕೂಡ್ಲೇ.”

“ಸ್ವಲ್ಪ ಹಾಕ್ಸಿದಾಗ್ಲೂ?”

ಶೆಟ್ಟರು ತಲೆ ಕೆರೆದುಕೊಂಡರು. “ಇಲ್ಲ. ಮೊನ್ನೆ ಗಡಿಬಿಡಿಯಲ್ಲಿ ಸ್ವಲ್ಪವೇ ಹಾಕಿಸಿದ್ದೆ. ಆಗ ಎಂತದೂ ಆಗ್ಲಿಲ್ಲ.”

“ಅದೂ ಅದೇ ಪಂಪಲ್ಲಿ ತಾನೇ? ಮತ್ತೆ ಪಂಪಿನವರ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?”

“ಇವರು ಕಾರು ಅಲುಗಾಡಿಸಿ ತುಂಬಿಸ್ತಾರೆ” ಎಂದು ರತ್ನಾವತಿ ಗುಟ್ಟು ಬಿಟ್ಟುಕೊಟ್ಟರು.

“ತುಂಬಿದ ಕೊಡ ತುಳುಕುದಿಲ್ಲ ಅಂತ ಗಾದೆಯೇ ಉಂಟಲ್ಲ” ಎಂದರು ಶೆಟ್ಟರು.

ಸುಬ್ಬಲಕ್ಷ್ಮಿ ನಕ್ಕರು. “ನಿಮ್ಮ ಹೋಟೆಲಲ್ಲಿ ಇಡ್ಲಿ ಬೇಯಿಸೋ ಪಾತ್ರೆಗೆ ಕಂಠಪೂರ್ತಿ ನೀರು ಹಾಕ್ತೀರಾ?”

“ಹಾಕಿದ್ರೆ ನೀರು ಕುದ್ದು ತಟ್ಟೆಗೇ ನುಗ್ತದೆ. ಇಡ್ಲಿ ಹೋಗಿ ಗಂಜಿ ಆಗ್ತದೆ. ಆವಿಗೆ ಜಾಗ ಬಿಡ್ಬೇಕು.”

“ಟ್ಯಾಂಕಿಗೂ ಅದೇ ನ್ಯಾಯ. ಪೆಟ್ರೋಲಿನ ಆವಿ ಒಂದು ಕೊಳವೆಯಿಂದ, ಅದನ್ನ ಹೀರಿಟ್ಕೊಳ್ಳೋ ಇದ್ದಿಲಿನ ಡಬ್ಬಿಗೆ ಹೋಗತ್ತೆ. ಕಾರು ಓಡುವಾಗ ಎಂಜಿನ್ನು ಒಂದು ವಾಲ್ವ್ ಮೂಲಕ ಅದನ್ನ ಸ್ವಲ್ಪ ಸ್ವಲ್ಪ ಎಳ್ಕೊಳ್ಳತ್ತೆ. ನೀವು ಕಂಠಪೂರ್ತಿ ತುಂಬಿಸಿದ್ರೆ ಆವಿ ಬದಲು ಪೆಟ್ರೋಲೇ ಡಬ್ಬಿಗೆ ನುಗ್ಗತ್ತೆ. ಡಬ್ಬಿ ಒದ್ದೆಯಾಗತ್ತೆ, ವಾಲ್ವ್ ಕೆಡತ್ತೆ. ಕಾರು ನಿಂತಿರುವಾಗ ಎಂಜಿನ್ನಿಗೆ ಬೇಕಾದ್ದೇ ಸ್ವಲ್ಪ. ಅದಕ್ಕೆ ಬಲವಂತದ ಊಟ ಹಾಕಿದ್ರೆ ಕೆಮ್ಮದೆ ಇನ್ನೇನು?”

“ಇಷ್ಟು ವರ್ಷದಿಂದ ಹೀಗೇ ತುಂಬಿಸಿದ್ದೇನಲ್ಲ ಮಾರಾಯ್ರೆ.”

“ಇದಕ್ಕೆ ಮೊದ್ಲು ನಿಮ್ಮ ಹತ್ರ ಇದ್ದ ಹಳೇ ಕಾರಲ್ಲಿ ಈ ಡಬ್ಬಿ ಇರ್ಲಿಲ್ಲ. ನನ್ನ ಮಾತು ನಂಬಬೇಡಿ, ಗ್ಯಾರೇಜಿಗೆ ಹೋಗಿ ನೋಡೋಣ.”

ಕಲ್ಯಾಣದಲ್ಲಿ ಪರಿಚಯದ ಮೆಕ್ಯಾನಿಕ್ ಶಂಕ್ರೆಪ್ಪನ ಗ್ಯಾರೇಜು. ಅವನು ಮೊದಲು ಟ್ಯಾಂಕಿನ ಮುಚ್ಚಳ ನೋಡಿದ. ರಬ್ಬರು ಸರಿಯಿತ್ತು, ಬಿಗಿಯಾಗಿ ಕೂರುತ್ತಿತ್ತು. ಎಂಜಿನ್ ಶುರು ಮಾಡಿದ. ನಡುಕ. ಡಬ್ಬಿಯಿಂದ ಬರುವ ಕೊಳವೆಯನ್ನು ಇಕ್ಕಳದಿಂದ ಒತ್ತಿ ಹಿಡಿದ. ನಡುಕ ನಿಂತಿತು. ಬಿಟ್ಟರೆ ಮತ್ತೆ ಶುರು. ಶೆಟ್ಟರು ತಾವೇ ಇಕ್ಕಳ ಇಸಿದುಕೊಂಡು ಒತ್ತಿ ನೋಡಿದರು.

“ಕಾರು ನಿಂತಾಗ ಮುಚ್ಚಿರಬೇಕಾದ ವಾಲ್ವ್ ಬಾಯಿ ತಕ್ಕೊಂಡು ಕುಂತೈತ್ರಿ” ಎಂದ ಶಂಕ್ರೆಪ್ಪ. ಡಬ್ಬಿ ಬಿಚ್ಚಿ ಓರೆ ಮಾಡಿದರೆ ಪೆಟ್ರೋಲು ತೊಟ್ಟಿಕ್ಕಿತು. ಎರಡನ್ನೂ ಬದಲಾಯಿಸಿದ.

ಅಲ್ಲಿಂದ ನೇರವಾಗಿ ಶೆಟ್ಟರು ತಾವು ಜಗಳವಾಡಿದ ಕಲ್ಯಾಣದ ಪಂಪಿಗೇ ಹೋದರು. ನಳಿಕೆ ಟಕ್ ಎಂದಿತು. ಅಭ್ಯಾಸಬಲದಿಂದ ಕೈ ಕಾರಿನ ಮೇಲೆ ಹೋಯಿತು. ಜೊತೆಗೆ ಬಂದಿದ್ದ ಸುಬ್ಬಲಕ್ಷ್ಮಿ ನೋಡುತ್ತಿದ್ದರು. ಶೆಟ್ಟರು ಕೈ ಹಿಂದೆಗೆದು, ಪಂಪಿನವನಿಗೆ “ಬಸ್, ಹೋ ಗಯಾ” ಎಂದು ಅಷ್ಟಕ್ಕೇ ಸಾಕು ಮಾಡಿಸಿದರು. ಕೀಲಿ ತಿರುಗಿಸಿದ ಕೂಡಲೇ ಕಾರು ಶುರುವಾಯಿತು. ನಡುಗಲಿಲ್ಲ.

ಮರುವಾರ ಬೆಳಿಗ್ಗೆ ನಿಕಿತಾಳಿಗೆ ನೋವು ಶುರುವಾಯಿತು. ಶಿಳ್‌ಫಾಟಾದಲ್ಲಿ ಅದೇ ಲಾರಿಗಳ ಸಾಲು. ಮುಂದೆ ಜಾಗವಿಲ್ಲ, ಹಿಂದೆ ಜಾಗವಿಲ್ಲ. ಸದ್ದೇ ಕೇಳದೆ ರತ್ನಾವತಿ ಗಾಬರಿಯಾಗಿ, “ಎಂಜಿನ್ ಬಂದ್ ಬಿತ್ತಾ?” ಎಂದು ಕೇಳಿದರು.

“ಇಲ್ಲ ಅಮ್ಮ, ಚಾಲೂ ಇದೆ” ಎಂದಳು ನಿಕಿತಾ, ಸೀಟಿನ ಮೇಲೆ ಕೈಯಿಟ್ಟು ಎಂಜಿನ್ನಿನ ಸಣ್ಣ ಮಿಡಿತ ನೋಡಿ.

ಮಧ್ಯಾಹ್ನಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಸುಖ. ಶೆಟ್ಟರು ಈಗಲೂ ಸಾಂಬಾರಿನ ಬಟ್ಟಲನ್ನು ತುಳುಕುವಂತೆಯೇ ತುಂಬಿಸುತ್ತಾರೆ, ಅದಕ್ಕೆ ಯಾರ ತಕರಾರೂ ಇಲ್ಲ.

ಕಾರಿರುವ ಬಂಧುಗಳೇ, ಟ್ಯಾಂಕಿನ ಬಾಯಿಯವರೆಗೆ ತುಂಬಿಸಬೇಡಿ, ಕಾರು ಅಲುಗಾಡಿಸಬೇಡಿ. ಚೆಲ್ಲಿದ ಪೆಟ್ರೋಲಿಗೆ ಒಂದು ಕಿಡಿ ಸಾಕು. ತುಂಬಿಸಿದ ಮೇಲೆ ಕಾರು ನಡುಗಿದರೆ ಮೊದಲು ಮುಚ್ಚಳ ಬಿಗಿಯಾಗಿದೆಯೇ ನೋಡಿ. ಯಾವಾಗ ನಡುಗುತ್ತದೆ, ಎಷ್ಟು ತುಂಬಿಸಿದಾಗ ನಡುಗುತ್ತದೆ ಎಂದು ಗಮನಿಸಿ ಮೆಕ್ಯಾನಿಕ್ಕಿಗೆ ಹೇಳಿ. ಕಲಬೆರಕೆಯೂ ಇರಬಹುದು, ಒಂದೇ ಪಂಪಿನ ಪೆಟ್ರೋಲಿನಿಂದ ಹಲವರ ಕಾರು ಕೆಟ್ಟರೆ ಖಂಡಿತ ದೂರು ಕೊಡಿ. ನಡುಗುವ ಕಾರನ್ನು ಮಾತ್ರ ನಾಳೆ ನೋಡೋಣ ಎಂದು ಬಿಡಬೇಡಿ. ನಿಮ್ಮ ಹಿಂದಿನ ಸೀಟಿನಲ್ಲೂ ಒಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಕೂತಿರಬಹುದು.