ನಂಬರಿಲ್ಲದ ಹೊಸ್ತಿಲು

ನಾನು ಒಂದು ಹೊಸ್ತಿಲು. ಮರದ್ದಲ್ಲ, ಕರಿಕಲ್ಲಿನದು. ಹುಬ್ಬಳ್ಳಿಯ ಹಳೆಯ ಹತ್ತಿ ಗಿರಣಿಯೊಂದರ ಮುಂಬಾಗಿಲಲ್ಲಿ ಮಲಗಿದ್ದೇನೆ. ಮಲಗಿದ್ದೇನೆ ಅಂದಮಾತ್ರಕ್ಕೆ ಸೋತು ಮಲಗಿದ್ದೇನೆ ಎಂದುಕೊಳ್ಳಬೇಡಿ. ಹೊಸ್ತಿಲಿನ ಕಸುಬೇ ಮಲಗುವುದು. ಮಲಗಿದ್ದಲ್ಲಿಂದಲೇ ಎಂಥವರನ್ನೂ ಕಾಲೆತ್ತಿಸುವುದು.

ಊರ ಹೊರಗಿನ ಕಲ್ಲುಕಣಿಯಲ್ಲಿ ಹುಟ್ಟಿದೆ. ನನ್ನನ್ನು ಮೊದಲು ಬಾಗಿಲ ಮೇಲಿನ ತೊಲೆಗಲ್ಲು ಮಾಡಬೇಕೆಂದಿದ್ದರು. ಕಡಿಯುವಾಗ ಒಂದು ಮೂಲೆ ಸಿಡಿದು ನಾನು ಗಿಡ್ಡವಾದೆ. ಕಲ್ಲುಕುಟಿಗ ಹಣೆ ಚಚ್ಚಿಕೊಂಡ, "ಹೋಗಲಿ, ಹೊಸ್ತಿಲಕ್ಕರ ಆಗತೈತಿ ಬಿಡು" ಅಂದ. ಹೀಗೆ ಮೇಲಿರಬೇಕಾದ ನಾನು ಕೆಳಗೆ ಬಂದೆ. ಇದರಿಂದ ನನಗೆ ಎಳ್ಳಷ್ಟೂ ಬೇಸರವಾಗಿಲ್ಲ. ತೊಲೆಗಲ್ಲಿಗೆ ಕಾಣುವುದು ಜನರ ರುಮಾಲು, ಟೊಪ್ಪಿಗೆ. ನನಗೆ ಕಾಣುವುದು ಕಾಲು. ರುಮಾಲು ಬಾಡಿಗೆಗೂ ಸಿಕ್ಕೀತು, ಹಿಮ್ಮಡಿಯ ಬಿರುಕು ಸಿಗುವುದಿಲ್ಲ.

ಗಿರಣಿ ಕಟ್ಟಿಸಿದವರು ಚನ್ನವೀರಪ್ಪ ಸಾವಕಾರರು. ಹತ್ತಿಯಿಂದ ಕಾಳು ಬೇರೆ ಮಾಡುವ ಜಿನ್ನಿನ ಯಂತ್ರಗಳನ್ನು ತರಿಸಿದರು. ಮೊದಲ ದಿನ ಕೆಲಸಕ್ಕೆ ಬಂದ ಹೆಣ್ಣುಮಕ್ಕಳ ಗುಂಪಿನಲ್ಲಿ ಹುಲಿಗೆವ್ವ ಎಂಬವಳು ಮುಂದಿದ್ದಳು. ಅವಳು ಸೀದಾ ಒಳಗೆ ಹೋಗಲಿಲ್ಲ. ಬಗ್ಗಿ, ನನ್ನ ಮೇಲಿನ ದೂಳು ಒರೆಸಿ, ಸೆರಗಿನ ಗಂಟಿನಿಂದ ಅರಿಶಿಣ ಕುಂಕುಮ ತೆಗೆದು ಹಚ್ಚಿದಳು. ಹಿಂದಿದ್ದವರೆಲ್ಲ ನಿಂತರು. ಸಾವಕಾರರಿಗೆ ಹೊತ್ತು ಹಾಳಾಗುವ ಚಿಂತೆ.

"ಏನವಾ ಇದು, ಗಿರಣಿಯೋ ಗುಡಿಯೋ?" ಅಂದರು.

"ಒಳಗ ಹಲ್ಲಿರೋ ಮಷಿನ ಅದಾವರಿ ಸಾವಕಾರ್ರ," ಅಂದಳು ಹುಲಿಗೆವ್ವ. "ಹೋದಂಗ ಹೊರಗ ಬರಬೇಕಲ್ಲರಿ ನಾವು?"

ಸಾವಕಾರರು ಬಾಗಿಲಿಂದ ಪಕ್ಕಕ್ಕೆ ಸರಿದರು. ಅಂದಿನಿಂದ ಅದು ಪದ್ಧತಿಯಾಯಿತು. ಬೆಳಿಗ್ಗೆ ಹೆಣ್ಣುಮಕ್ಕಳು ನನ್ನನ್ನು ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುವರು. ಸಂಜೆ ಹತ್ತಿಯ ಎಳೆ ಮೆತ್ತಿಕೊಂಡ ತಲೆಗಳೊಡನೆ ಹೊರಬರುವರು. ಎಲ್ಲರೂ ಹೋದಂತೆಯೇ ಬಂದರೆ ನನಗೆ ಸಮಾಧಾನ. ಒಮ್ಮೊಮ್ಮೆ ಹಾಗೆ ಬರುತ್ತಿರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಬಂದವರ ರಕ್ತವೂ ನನ್ನ ಮೇಲೆ ಬಿದ್ದಿದೆ. ಆ ದಿನ ನನಗೆ ಆ ಕಟ್ಟಡದ ಮೇಲೆಯೇ ಸಿಟ್ಟು ಬರುತ್ತಿತ್ತು.

ಹುಲಿಗೆವ್ವನ ಮಗಳು ಫಕೀರವ್ವ ದೊಡ್ಡವಳಾಗಿ ತಾನೂ ಕೆಲಸಕ್ಕೆ ಸೇರಿದಳು. ಅವಳ ಕಾಲದಲ್ಲಿ ಒಂದು ಬೇಸಿಗೆ ಕೂಲಿಕಾರರೆಲ್ಲ ಕೆಲಸ ನಿಲ್ಲಿಸಿ ಬಾಗಿಲ ಮುಂದೆ ಕುಳಿತರು. ಯಂತ್ರಗಳ ಹಲ್ಲಿಗೆ ಅಡ್ಡ ತಡಿಕೆ ಹಾಕಿಸಿ, ಬೆರಳು ಉಳಿಸಿ ಎಂಬುದು ಅವರ ಬೇಡಿಕೆ. ಬಿಸಿಲಿಗೆ ತಲೆ ತಿರುಗಿ ಫಕೀರವ್ವ ನನ್ನ ಮೇಲೆ ಕುಳಿತುಬಿಟ್ಟಳು. ತಾಯಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

"ಹೊಸ್ತಿಲ ಮ್ಯಾಲ ಕುಂಡ್ರತಾರೇನ ಖೋಡಿ? ನಮ್ಮ ಸಿಟ್ಟು ಸಾವಕಾರನ ಮ್ಯಾಲ. ಹೊಸ್ತಿಲೇನ ಮಾಡೇತಿ?"

ಫಕೀರವ್ವ ನನ್ನನ್ನು ಮುಟ್ಟಿ ನಮಸ್ಕರಿಸಿ ಬಿಸಿಲಿಗೇ ಹೋಗಿ ಕುಳಿತಳು. ಕೊನೆಗೆ ತಡಿಕೆ ಬಂತು. ಬೇಡದೆ ಯಾವುದೂ ಬರಲಿಲ್ಲ, ಇದನ್ನು ನಾನು ನೋಡಿದ್ದೇನೆ.

ಸಾವಕಾರರು ತೀರಿಕೊಂಡರು. ಮಕ್ಕಳು ಜಗಳಾಡಿ ಕೋರ್ಟಿಗೆ ಹೋದರು. ಗಿರಣಿ ನಿಂತಿತು. ಕೆಲವು ಕಾಲ ಒಳಗೆ ಬ್ಯಾಡಗಿ ಮೆಣಸಿನಕಾಯಿ ಚೀಲ ತುಂಬಿದರು, ನಾನು ಸೀನಲಾರದೆ ಒದ್ದಾಡಿದೆ. ಆಮೇಲೆ ಅದೂ ಇಲ್ಲ. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು, ಗೋಡೆಯ ಸಂದಿನಲ್ಲಿ ಅರಳಿ ಗಿಡ. ಆದರೂ ಫಕೀರವ್ವ ಹಿಂದಿನ ಓಣಿಯಿಂದ ದಿನಾ ಬೆಳಿಗ್ಗೆ ಬರುತ್ತಿದ್ದಳು. ಚರಿಗೆ ನೀರು ಹಾಕಿ ತೊಳೆದು, ಅರಿಶಿಣ ಕುಂಕುಮ ಹಚ್ಚಿ ಹೋಗುತ್ತಿದ್ದಳು. ಓಣಿಯವರು ನಗುತ್ತಿದ್ದರು.

"ಮುಚ್ಚಿದ ಗಿರಣಿಗೆ ಯಾತರ ಪೂಜಿ ಬೇ?"

"ಗಿರಣಿ ಮುಚ್ಚೇತಿ. ಹೊಸ್ತಿಲ ಮುಚ್ಚಿಲ್ಲ," ಅನ್ನುತ್ತಿದ್ದಳು. ಈ ಮಾತು ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಈಗಲೂ ಆಗುತ್ತದೆ.

ಕೋರ್ಟಿನ ವ್ಯಾಜ್ಯ ಮುಗಿದು ಜಾಗವನ್ನು ಸಂಗಮೇಶ ಮೆಣಸಗಿ ಎಂಬ ಬಿಲ್ಡರ್ ಕೊಂಡರು. ಅವರಿಗೆ ಗಿರಣಿ ಬೇಕಿರಲಿಲ್ಲ, ಅದರ ಕೆಳಗಿನ ನೆಲ ಬೇಕಿತ್ತು. ಎಲ್ಲ ಕೆಡವಿ ಗಗನಕ್ಕೆ ಮುಟ್ಟುವ ಕಟ್ಟಡ ಎಬ್ಬಿಸಬೇಕೆಂದಿದ್ದರು. ಊರಿನ ಕೆಲವರು ತಕರಾರು ಎತ್ತಿದರು. ಶೈಲಜಾ ಮುಧೋಳಕರ ಎಂಬ ಆರ್ಕಿಟೆಕ್ಟ್ ಹಟ ಹಿಡಿದು ಓಡಾಡಿದರು. ಕಡೆಗೆ ಒಂದು ಒಪ್ಪಂದವಾಯಿತು. ಹಿಂದಿನ ಖಾಲಿ ಜಾಗದಲ್ಲಿ ಮನೆಗಳಿರುವ ಎತ್ತರದ ಕಟ್ಟಡ, ಮುಂದೆ ಹಳೆಯ ಗಿರಣಿ ಹಾಗೆಯೇ ಉಳಿದು ಅದರೊಳಗೆ ಅಂಗಡಿ, ಹೋಟೆಲು.

ಆದರೆ ಮುಂಗೋಡೆ ಬಾಗಿತ್ತು. ಒಂದೊಂದೇ ಕಲ್ಲು ಬಿಚ್ಚಿ, ಬುನಾದಿ ಗಟ್ಟಿಮಾಡಿ, ಮತ್ತೆ ಇದ್ದ ಹಾಗೆಯೇ ಕಟ್ಟಬೇಕು. ಯಾವ ಕಲ್ಲು ಎಲ್ಲಿತ್ತೆಂದು ತಪ್ಪಬಾರದಲ್ಲ? ಅದಕ್ಕೆ ಪ್ರತಿ ಕಲ್ಲಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆಸಿದರು. ಬರೆದವನು ಬೋರ್ಡ್ ಬರೆಯುವ ಪೇಂಟರ್ ದಾವಲಸಾಬ. ಸಾವಧಾನದ ಮನುಷ್ಯ. ಎಡಗಡೆಯ ಕಲ್ಲುಗಳಿಗೆ ಬರೆದ, ಬಲಗಡೆಯವಕ್ಕೆ ಬರೆದ, ಏಣಿ ಹತ್ತಿ ತೊಲೆಗಲ್ಲಿಗೂ ಬರೆದ. ಕೊನೆಗೆ ನನ್ನ ಮುಂದೆ ಕುಳಿತು ಬ್ರಷ್ ಎತ್ತಿದ. ಅಂದಿನ ಅರಿಶಿಣ ಇನ್ನೂ ಹಸಿಯಾಗಿತ್ತು. ನೋಡಿದ, ಬ್ರಷ್ ಇಳಿಸಿದ. ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದು ಹೋದ.

ಎಂಥ ಮರ್ಯಾದೆ ನೋಡಿ! ಆ ಮರ್ಯಾದೆಯೇ ನನಗೆ ಮುಳುವಾಯಿತು.

ಬಿಚ್ಚುವ ದಿನ ಮೇಸ್ತ್ರಿ ಕೂಲಿಯವರಿಗೆ ಹೇಳಿದ್ದು ಇಷ್ಟೇ: "ನಂಬರ ಇದ್ದ ಕಲ್ಲು ಶೆಡ್ಡಿಗೆ, ಇಲ್ಲದ್ದು ಟ್ರ್ಯಾಕ್ಟರಿಗೆ." ಟ್ರ್ಯಾಕ್ಟರು ಅಂದರೆ ಊರಾಚೆಯ ಹಳ್ಳಕ್ಕೆ ಸುರಿಯುವ ಹಾಳು ಮಣ್ಣು, ಒಡಕು ಹೆಂಚು, ಮುರಿದ ಇಟ್ಟಿಗೆ. ಸಂಜೆಯ ಹೊತ್ತಿಗೆ ಗೋಡೆಯೆಲ್ಲ ಶೆಡ್ಡು ಸೇರಿತು. ನಾನೊಬ್ಬ ಉಳಿದೆ. ಒಬ್ಬ ಹಾರೆ ತಂದ. ನನ್ನ ಕೆಳಗೆ ತೂರಿಸಿ ಮೀಟಿದ. ನಾನು ಅಲುಗಲಿಲ್ಲ. ಇಬ್ಬರು ಮೀಟಿದರು. ಹಾರೆ ಬಾಗಿತು. ಜೆಸಿಬಿ ತರಿಸಿ ಅಂದರು. ತರಿಸಲಿ, ಅಂದುಕೊಂಡೆ. ಆದರೆ ಜೆಸಿಬಿಯ ಮುಂದೆ ಕಲ್ಲಿನ ಹಟ ಎಷ್ಟು ಹೊತ್ತು? ನಿಜ ಹೇಳುತ್ತೇನೆ, ಹುಟ್ಟಿದ ಮೇಲೆ ಮೊದಲ ಸಲ ನನಗೆ ಹೆದರಿಕೆಯಾಯಿತು.

ಸುದ್ದಿ ಓಣಿಗೆ ಮುಟ್ಟಿ ಫಕೀರವ್ವ ಬಂದಳು. ಮುದುಕಿ, ಕೋಲೂರಿಕೊಂಡು. ಮೆಣಸಗಿಯವರೂ ಅಲ್ಲೇ ಇದ್ದರು. ಅವಳು ಕೈ ಮುಗಿದು ಕೇಳಿದಳು.

"ಇದು ಗಿರಣಿ ಹೊಸ್ತಿಲರಿ ಯಪ್ಪಾ. ನಮ್ಮವ್ವ ಮುಟ್ಟಿದ್ದು. ಕಟ್ಟಡಾ ಉಳಿಸಿ ಇದನ್ಯಾಕ ಒಗೀತೀರಿ?"

"ನಂಬರ ಇಲ್ಲ ಬೇ ಅದಕ. ಮತ್ತ ಅಂಗಡಿ ನೆಲಾ ಸಪಾಟ ಇರಬೇಕು, ಮಂದಿ ಎಡವತಾರ. ಇದು ಬರೇ ಹಾಳ ಕಲ್ಲು," ಅಂದರು ಮೆಣಸಗಿ.

"ಹಾಳ ಕಲ್ಲು?"

"ಹ್ಞೂಂ, ಹಾಳ ಕಲ್ಲು."

ಫಕೀರವ್ವ ಕೋಲು ಪಕ್ಕಕ್ಕಿಟ್ಟಳು. ಸೆರಗು ಸರಿಮಾಡಿಕೊಂಡಳು. ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ನನ್ನ ಮೇಲೆ ಕುಳಿತುಬಿಟ್ಟಳು.

ಹಾರೆ ಹಿಡಿದವರು ಹಿಂದೆ ಸರಿದರು. ಮೇಸ್ತ್ರಿ ಗಾಬರಿಯಾದ. "ಏ ಯವ್ವಾ, ಸಂಜೀ ಮುಂದ ಅಲ್ಲಿ ಕುಂಡ್ರಬಾರದು, ಏಳು!"

"ಯಾಕ? ಹಾಳ ಕಲ್ಲಿನ ಮ್ಯಾಲ ಕುಂತೇನಿ. ನಿನಗೇನ ತ್ರಾಸು?"

ಅಷ್ಟರಲ್ಲಿ ಜೆಸಿಬಿ ಬಂತು. ನಡೆಸುವವನು ಬಾಗಿಲಿಲ್ಲದ ಆ ಬಾಗಿಲಲ್ಲಿ ಕುಳಿತ ಮುದುಕಿಯನ್ನು ನೋಡಿ ಎಂಜಿನ್ ಆರಿಸಿ ಕೆಳಗಿಳಿದುಬಿಟ್ಟ. ಓಣಿಯ ಮಂದಿ ನೆರೆದರು. ಮೆಣಸಗಿಯವರ ಹಣೆಯಲ್ಲಿ ಬೆವರು. ಕೋಟಿಗಟ್ಟಲೆಯ ಕೆಲಸ, ಭೂಮಿಪೂಜೆಗೆ ಮುಹೂರ್ತ ನೋಡಿಸಿದ ಮನುಷ್ಯ, ಮೊದಲ ಸಂಜೆಯೇ ಬಾಗಿಲಲ್ಲಿ ಇಂಥ ಅಪಶಕುನ. ಬಹಳ ಹೊತ್ತು ತಡೆದರು. ಕೊನೆಗೆ ತಡೆಯಲಾಗದೆ ಕೂಗಿದರು.

"ಯವ್ವಾ, ಕಾಲ ಬೀಳ್ತೀನಿ ಏಳು! ಹೊಸ್ತಿಲ ಮ್ಯಾಲ ಕುಂಡ್ರಬಾರದು!"

"ಏನಂದಿ?" ಫಕೀರವ್ವ ಕಿವಿಗೆ ಕೈ ಹಿಡಿದಳು. "ಮಂದಿಗೆ ಕೇಳೂಹಂಗ ಅನ್ನು. ಯಾತರ ಮ್ಯಾಲ?"

ಮೆಣಸಗಿಯವರು ಸುತ್ತ ನೋಡಿದರು. "ಹೊಸ್ತಿಲ," ಅಂದರು.

ಫಕೀರವ್ವ ಎದ್ದಳು. ತಿರುಗಿ ನನ್ನನ್ನು ಮುಟ್ಟಿ, "ತಪ್ಪಾತು ನಮ್ಮಪ್ಪಾ" ಎಂದು ಗಲ್ಲ ಬಡಿದುಕೊಂಡಳು. ನನ್ನಲ್ಲಿ ಕಣ್ಣೀರಿದ್ದಿದ್ದರೆ ಅಂದು ಅತ್ತುಬಿಡುತ್ತಿದ್ದೆ. ಜೀವಮಾನವೆಲ್ಲ ನನ್ನನ್ನು ತುಳಿಯದ ಹೆಂಗಸು, ನನಗಾಗಿ ತನ್ನ ತಾಯಿಯ ಮಾತನ್ನೇ ಮೀರಿದ್ದಳು.

ಮರುದಿನ ಶೈಲಜಾ ಬಾಯಿ ಬಂದು ಸಿಟ್ಟಾದರು. "ನಂಬರ ಯಾಕ ಹಾಕಲಿಲ್ಲ?" ಎಂದು ಕೇಳಿದರೆ ದಾವಲಸಾಬ, "ಅರಿಶಿಣ ಕುಂಕುಮದ ಮ್ಯಾಲ ಬಣ್ಣಾ ಹೆಂಗ ಬಳೀಲರಿ ಬಾಯಾರ?" ಅಂದ. ಅವರು ಬಗ್ಗಿ ನನ್ನನ್ನು ನೋಡಿ, "ಹಂಗಾರ ಬ್ಯಾಡ, ಇದು ಎದ್ದರ ತಾನ ನಂಬರ?" ಅಂದರು. ನನ್ನನ್ನು ಕದಲಿಸದೆ ಬುನಾದಿ ತುಂಬಿದರು. ಗಾಲಿಕುರ್ಚಿಯವರಿಗೆ, ಕೂಸಿನ ಗಾಡಿಯವರಿಗೆ ಪಕ್ಕದ ಬಾಗಿಲಲ್ಲಿ ಇಳಿಜಾರು ಮಾಡಿದರು. ಅದು ಒಳ್ಳೆಯದೇ, ಕಾಲೆತ್ತಲಾರದವರ ಮೇಲೆ ನನಗೆ ಹಟವಿಲ್ಲ. ಎತ್ತಲೊಲ್ಲದವರ ಮೇಲೆ ಇದೆ.

ಉದ್ಘಾಟನೆಗೆ ದೊಡ್ಡ ಅತಿಥಿಯೊಬ್ಬರು ಬಂದರು. ಗೇಟಿನ ಕಾವಲಿನವನು ಫಕೀರವ್ವನನ್ನು ತಡೆದ. ಮೆಣಸಗಿಯವರೇ ಓಡಿಹೋಗಿ, "ಏ, ಬಿಡೋ ಮಾರಾಯಾ! ಇಲ್ಲಾಂದ್ರ ಮತ್ತ ಕುಂತಾಳು!" ಅಂದರು. ಅವಳು ನಿಧಾನವಾಗಿ ಬಂದು ಎಲ್ಲರೆದುರು ನನ್ನನ್ನು ತೊಳೆದು ಅರಿಶಿಣ ಹಚ್ಚಿದಳು. ಕತ್ತರಿ ಹಿಡಿದ ಅತಿಥಿ ಕಾದರು. ರಿಬ್ಬನ್ ಕತ್ತರಿಸಿ, ಕ್ಯಾಮೆರಾ ನೋಡುತ್ತ ಬೂಟುಗಾಲನ್ನು ಇನ್ನೇನು ನನ್ನ ಮೇಲೆ ಇಡಬೇಕು, ಫಕೀರವ್ವ ಕೂಗಿದಳು.

"ದಾಟಿ ಬರ್ರಿ ಸಾಹೇಬ್ರ!"

ಸಾಹೇಬರು ಗಕ್ಕನೆ ನಿಂತು, ಕೆಳಗೆ ನೋಡಿ, ಪ್ಯಾಂಟು ಎತ್ತಿಹಿಡಿದು, ಎಳೆ ಮಗುವಿನ ಹಾಗೆ ಕಾಲೆತ್ತಿ ದಾಟಿದರು.

ಈಗ ನನಗೆ ವಯಸ್ಸಾಗಿದೆ, ನಡು ಸವೆದು ತಗ್ಗಾಗಿದೆ. ಫಕೀರವ್ವನಿಗೆ ಬರಲಾಗದ ದಿನ ದಾವಲಸಾಬ ಬಂದು ಚರಿಗೆ ನೀರು ಹಾಕಿ ಹೋಗುತ್ತಾನೆ. ಹಿಂದಿನ ಎತ್ತರದ ಕಟ್ಟಡದ ನೆರಳು ಮಧ್ಯಾಹ್ನದ ಮೇಲೆ ನನ್ನ ಮೇಲೆ ಬೀಳುತ್ತದೆ. ಬೀಳಲಿ. ಒಳಗೆ ಹೋಗುವವರು ಗೋಡೆಯ ಫಲಕ ಓದಿ, ಹಳೆಯ ಕಟ್ಟಡವನ್ನು ಉಳಿಸಿದವರು ಪುಣ್ಯವಂತರು ಅನ್ನುತ್ತಾರೆ. ಫಲಕದಲ್ಲಿ ಮೆಣಸಗಿಯವರ ಹೆಸರಿದೆ, ಶೈಲಜಾ ಬಾಯಿಯ ಹೆಸರಿದೆ. ಫಕೀರವ್ವನ ಹೆಸರಿಲ್ಲ, ನನ್ನ ಮೇಲೆ ನಂಬರಿಲ್ಲ. ಅದಕ್ಕೇನಂತೆ? ಫಲಕ ಓದುವವರೂ ಒಳಗೆ ಹೋಗಬೇಕಾದರೆ ಮೊದಲು ಕೆಳಗೆ ನೋಡಿ ಕಾಲೆತ್ತಲೇಬೇಕು.